ಯಂತ್ರಮಾನವನಿಗೆ ಯಾರ ಮೈ ಅಳತೆ?



ಹೋಂಡಾ ಕಂಪನಿಯ ಅಸಿಮೊ ಎಂಬ ಯಂತ್ರಮಾನವ ನಡೆಯುವುದನ್ನು ನಿಮ್ಮಲ್ಲಿ ಹಲವರು ಟೀವಿಯಲ್ಲಿ ನೋಡಿರುತ್ತೀರಿ. 2000ದಲ್ಲಿ ಜಪಾನಿನಲ್ಲಿ ಅದು ಮೊದಲ ಸಲ ಜನರೆದುರು ಬಂದಾಗ ಎತ್ತರ 120 ಸೆಂಟಿಮೀಟರು. ಬೆನ್ನ ಮೇಲೊಂದು ಚೀಲ, ಮುಖಕ್ಕೆ ಕಪ್ಪು ಗಾಜು. ನೋಡಿದವರೆಲ್ಲ ಮರುಳಾದರು. ಆದರೆ ಮುಖ ಬಿಟ್ಟು ಕಾಲನ್ನೇ ನೋಡುತ್ತ ಕೂತವರಿಗೆ ಒಂದು ಸಂಗತಿ ಹೊಳೆದಿರಬೇಕು: ಅದು ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡುತ್ತಲೇ ಇರಲಿಲ್ಲ. ಸದಾ ತುಸು ಬಗ್ಗಿದ ಮಂಡಿಯಲ್ಲೇ ನಡೆಯುತ್ತಿತ್ತು.

ಏಕೆ ಹಾಗೆ? ಪಾದ ಇಂಥ ಜಾಗದಲ್ಲಿ ಇಳಿಯಬೇಕು ಎಂದು ಗೊತ್ತಾದ ಮೇಲೆ, ಸೊಂಟ ಎಷ್ಟು ತಿರುಗಬೇಕು, ಮಂಡಿ ಎಷ್ಟು ಮಡಚಬೇಕು, ಹಿಮ್ಮಡಿಯ ಗಂಟು ಎಷ್ಟು ವಾಲಬೇಕು ಎಂದು ಯಂತ್ರ ಲೆಕ್ಕ ಹಾಕಬೇಕು. ಕಾಲು ಪೂರ್ತಿ ಚಾಚಿಕೊಂಡ ಕ್ಷಣದಲ್ಲಿ ಆ ಲೆಕ್ಕ ಕೈಕೊಡುತ್ತದೆ. ಗಣಿತದವರು ಅದನ್ನು ಸಿಂಗ್ಯುಲಾರಿಟಿ ಎನ್ನುತ್ತಾರೆ. ಅದನ್ನು ತಪ್ಪಿಸಲು ಎಂಜಿನಿಯರರು ಮಂಡಿಯನ್ನು ಬಗ್ಗಿಸಿಯೇ ಇಟ್ಟರು. ಅದರ ಬೆಲೆಯನ್ನು ಮೋಟಾರು ತೆರಬೇಕಾಯಿತು. ನಾವು ನಿಂತಾಗ ಮೈಯ ಭಾರವನ್ನು ನೆಟ್ಟಗಿನ ಎಲುಬಿನ ಮೇಲೆ ಹೊರಿಸಿ ಸ್ನಾಯುಗಳಿಗೆ ಬಿಡುವು ಕೊಡುತ್ತೇವೆ. ಅಸಿಮೊಗೆ ಆ ಬಿಡುವಿರಲಿಲ್ಲ, ಅದರ ಮಂಡಿಯ ಮೋಟಾರು ನಿಂತಲ್ಲೂ ದುಡಿಯುತ್ತಲೇ ಇರುತ್ತಿತ್ತು. ಟೋಕಿಯೋದ ವಾಸೆಡ ವಿಶ್ವವಿದ್ಯಾಲಯದವರು ತಮ್ಮ ವಾಬಿಯನ್ ಎಂಬ ಯಂತ್ರಕ್ಕೆ ಮನುಷ್ಯರಂತೆ ತೊನೆಯುವ ಸೊಂಟವನ್ನು ಕೊಟ್ಟ ಮೇಲೆಯೇ, ಅಂದರೆ 2000ದ ದಶಕದ ನಡುವಿನಲ್ಲಿ, ಮಂಡಿ ನೀಡಿ ನಡೆಯುವುದು ಅದಕ್ಕೆ ಸಾಧ್ಯವಾಯಿತು. ಲೋಹ ಬದಲಾದದ್ದರಿಂದ ಆದ ಕೆಲಸವಲ್ಲ ಇದು. ಮನುಷ್ಯನ ಬಗ್ಗೆ ಅವರು ಬರೆದುಕೊಂಡಿದ್ದ ಲೆಕ್ಕ ಇನ್ನಷ್ಟು ಸರಿಹೋಯಿತು.

ಆ ಲೆಕ್ಕಕ್ಕೆ ಹ್ಯೂಮನ್ ಮಾಡೆಲಿಂಗ್ ಎನ್ನುತ್ತಾರೆ. ಮನುಷ್ಯನ ಎಲುಬು, ಕೀಲು, ಸ್ನಾಯು, ಚರ್ಮ, ನಡಿಗೆ, ಕೊನೆಗೆ ಗುಂಪಿನಲ್ಲಿ ಅವನ ವರ್ತನೆ, ಇವೆಲ್ಲವನ್ನೂ ಸಂಖ್ಯೆ ಮತ್ತು ಸಮೀಕರಣಗಳಲ್ಲಿ ಕಟ್ಟುವ ಶಾಸ್ತ್ರ. ಯಂತ್ರಮಾನವ ಹೊರಗೆ ಕಾಣುವ ಬೊಂಬೆ, ಈ ಮಾದರಿ ಅದರ ಒಳಗಿನ ಮನುಷ್ಯ. ಎರಡರ ಮೇಲೂ ಉಪನ್ಯಾಸ ಕೊಡಲು ಭಾರತದ ಸಂಶೋಧಕರು ಜಪಾನಿಗೆ, ಫ್ರಾನ್ಸಿಗೆ, ಅಮೆರಿಕಕ್ಕೆ ಅತಿಥಿಗಳಾಗಿ ಹೋಗುವುದು ಈಗ ಮಾಮೂಲಿ. ಹಾಗೆ ಮುಂಬಯಿ ಸುತ್ತಲಿನ ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕಡೆಯಿಂದ ಒಬ್ಬರು ಹೊರಟರು ಎಂದುಕೊಳ್ಳೋಣ. ಮೋಟಾರು, ಚಿಪ್, ಹಣ ಎಲ್ಲವೂ ಅಲ್ಲಿ ನಮಗಿಂತ ಹೆಚ್ಚಿದೆ. ಹಾಗಾದರೆ ಇವರು ಅಲ್ಲಿಗೆ ಕೊಂಡೊಯ್ಯುವುದು ಏನನ್ನು? ನನ್ನ ಉತ್ತರ ಇಷ್ಟೇ: ಅವರ ಮಾದರಿಯಲ್ಲಿ ಇನ್ನೂ ಸೇರದ ಮನುಷ್ಯನನ್ನು. ಆ ಮನುಷ್ಯ ಸಿಗುವುದು ನಮ್ಮ ಈ ಊರುಗಳಲ್ಲೇ.

ಮಾದರಿ ಕಟ್ಟುವುದೆಂದರೇನು ಎಂಬುದನ್ನು ಮೊದಲು ನೋಡೋಣ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ದೇವಣ್ಣ ಕಾಮತರ ಮನೆತನದವರು ಯಕ್ಷಗಾನದ ಸೂತ್ರದ ಗೊಂಬೆಗಳನ್ನು ಆಡಿಸುತ್ತ ಬಂದಿದ್ದಾರೆ. ಗೊಂಬೆಗೆ ಎಷ್ಟು ಕೀಲು, ಯಾವ ಕೀಲಿಗೆ ದಾರ ಎಂಬುದನ್ನು ಮಾಡುವವನು ಮೊದಲೇ ತೀರ್ಮಾನಿಸಬೇಕು. ಎಲ್ಲ ಕೀಲಿಗೂ ದಾರ ಕಟ್ಟಿದರೆ ಆಡಿಸುವ ಬೆರಳು ಸಾಲದು. ತೀರ ಕಡಿಮೆ ಕಟ್ಟಿದರೆ ಭೀಮನ ಹೆಜ್ಜೆಗೂ ದ್ರೌಪದಿಯ ಹೆಜ್ಜೆಗೂ ವ್ಯತ್ಯಾಸ ಕಾಣದು. ರೋಬಾಟಿನ ಎಂಜಿನಿಯರನ ತೀರ್ಮಾನವೂ ಇದೇ ಜಾತಿಯದು. ಒಂದೊಂದು ದಾರಕ್ಕೂ ಅವನು ಡಿಗ್ರಿ ಆಫ್ ಫ್ರೀಡಂ ಎಂಬ ಹೆಸರಿಟ್ಟಿದ್ದಾನೆ. ಮೊದಲ ಅಸಿಮೊಗೆ ಅಂಥವು 26 ಇದ್ದವು. ಯಾವ ಚಲನೆಯನ್ನು ಬಿಡಬಹುದು ಎಂದು ಅವನು ನಿರ್ಧರಿಸುವಾಗ, ಅವನ ಕಣ್ಣ ಮುಂದೆ ಯಾವುದೋ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಆ ಮನುಷ್ಯ ಕುರ್ಚಿಯಲ್ಲಿ ಕೂರುವವನೋ, ನೆಲದಲ್ಲಿ ಚಕ್ಕಳಮಕ್ಕಳ ಹಾಕುವವನೋ ಎಂಬುದರ ಮೇಲೆ ದಾರಗಳ ಸಂಖ್ಯೆ ನಿಲ್ಲುತ್ತದೆ.

ಈ ಶಾಸ್ತ್ರಕ್ಕೆ ಉದ್ದದ ಚರಿತ್ರೆಯಿದೆ. 1890ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಬ್ರೌನೆ ಮತ್ತು ಫಿಷರ್ ಎಂಬ ಇಬ್ಬರು ನಡಿಗೆಯನ್ನು ಮೊದಲ ಬಾರಿಗೆ ಮೂರು ಆಯಾಮಗಳಲ್ಲಿ ಲೆಕ್ಕ ಹಾಕಿದರು. ಮೈಯ ಒಂದೊಂದು ಭಾಗದ ತೂಕ ತಿಳಿಯಲು ಅವರು ಹೆಪ್ಪುಗಟ್ಟಿಸಿದ ಶವಗಳನ್ನು ಅಳೆದರು. 1960ರ ದಶಕದ ಕೊನೆಯಲ್ಲಿ ಬೆಲ್‌ಗ್ರೇಡಿನ ಮಿಯೊಮಿರ್ ವುಕೊಬ್ರಾಟೊವಿಚ್ ಎರಡು ಕಾಲಿನ ಯಂತ್ರ ಬೀಳದೆ ಇರಬೇಕಾದರೆ ನೆಲದ ಒತ್ತಡದ ಬಿಂದು ಪಾದದ ಅಂಚಿನೊಳಗೇ ಇರಬೇಕೆಂಬ ತತ್ತ್ವ ಕೊಟ್ಟರು. ಅಸಿಮೊ ನಡೆದದ್ದು ಆ ತತ್ತ್ವದ ಮೇಲೆ. 1990ರಲ್ಲಿ ಟ್ಯಾಡ್ ಮೆಕ್‌ಗೀರ್ ಇನ್ನೊಂದು ದಾರಿ ತೋರಿಸಿದರು. ಮೋಟಾರೇ ಇಲ್ಲದ ಎರಡು ಕಾಲಿನ ಒಂದು ಚೌಕಟ್ಟನ್ನು ಇಳಿಜಾರಿನಲ್ಲಿ ಬಿಟ್ಟರೆ ಅದು ತಾನಾಗಿ ಹೆಜ್ಜೆ ಹಾಕುತ್ತ ಇಳಿಯುತ್ತದೆ. ನಡಿಗೆಯ ಅರ್ಧ ಜಾಣತನ ಮೆದುಳಿನಲ್ಲಿಲ್ಲ, ಕಾಲಿನ ಆಕಾರದಲ್ಲೇ ಇದೆ ಎಂದು ಅದರಿಂದ ತಿಳಿಯಿತು.

ಈ ಸಾಲಿನಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದಿನ ಪದವಿ ಪಡೆದು, ಅಮೆರಿಕದ ಯೇಲ್‌ನಲ್ಲಿ ಡಾಕ್ಟರೇಟ್ ಮಾಡಿದ ಮಂಡಯಂ ಶ್ರೀನಿವಾಸನ್ ಎಂಐಟಿಯಲ್ಲಿ ಸ್ಪರ್ಶದ ಪ್ರಯೋಗಾಲಯವನ್ನೇ ಕಟ್ಟಿದರು. ಬೆರಳ ತುದಿಯನ್ನು ಒಂದು ಗೆರೆಯಂಥ ಅಂಚಿನಿಂದ ಒತ್ತಿದರೆ ಚರ್ಮ ಹೇಗೆ ತಗ್ಗುತ್ತದೆ ಎಂದು ಅವರು ಅಳೆದರು. ದ್ರವ ತುಂಬಿದ ತೆಳು ಪೊರೆ ಎಂದು ಬೆರಳನ್ನು ಭಾವಿಸಿದರೆ ಲೆಕ್ಕ ಹೊಂದುತ್ತದೆ ಎಂದು ತೋರಿಸಿದರು. 2002ರ ಅಕ್ಟೋಬರಿನಲ್ಲಿ ಅವರ ತಂಡ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ ಸೇರಿ ಒಂದು ಪ್ರಯೋಗ ನಡೆಸಿದವು. ಅಟ್ಲಾಂಟಿಕ್ ಸಾಗರದ ಆಚೆ ಒಬ್ಬರು, ಈಚೆ ಒಬ್ಬರು. ಕಂಪ್ಯೂಟರಿನೊಳಗೆ ಮಾತ್ರ ಇರುವ ಒಂದು ಪೆಟ್ಟಿಗೆಯನ್ನು ಇಬ್ಬರೂ ಕೂಡಿ ಎತ್ತಿದರು. ಇವರು ನೂಕಿದ ಬಲ ಅವರ ಬೆರಳಿಗೆ ಇಂಟರ್ನೆಟ್ಟಿನ ಮೂಲಕ ತಾಗಿತು. ಕೋಲ್ಕತ್ತಾದ ಜಾದವಪುರದಲ್ಲಿ ಓದಿದ ಅಂಬರೀಷ್ ಗೋಸ್ವಾಮಿ ಹೋಂಡಾದ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಯಂತ್ರಮಾನವ ಬೀಳುವುದು ಖಚಿತವಾದಾಗ ಪಕ್ಕದಲ್ಲಿರುವವರ ಮೇಲೆ ಬೀಳದಂತೆ ಹೇಗೆ ಬೀಳಬೇಕು ಎಂಬುದರ ಮೇಲೆ ಕೆಲಸ ಮಾಡಿದರು. ಅವರೂ ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಪ್ರಹ್ಲಾದ್ ವಡಕ್ಕೇಪಾಟರೂ ಸೇರಿ ಸಂಪಾದಿಸಿದ ಹ್ಯೂಮನಾಯ್ಡ್ ರೋಬಾಟಿಕ್ಸಿನ ಬೃಹತ್ ಆಕರಗ್ರಂಥ 2019ರಲ್ಲಿ ಹೊರಬಂತು. ಹೊರದೇಶದ ವೇದಿಕೆ ನಮಗೆ ಹೊಸದೇನಲ್ಲ ಎಂದಾಯಿತು.

ಇನ್ನು ನಮ್ಮ ಊರಿಗೆ ಬರೋಣ. ವಾಶಿಯ ಸೇತುವೆಯ ಮೇಲೆ ಮಾನ್‌ಖುರ್ದ್ ಕಡೆಗೆ ಹೋಗುವಾಗ ಎಡಕ್ಕೆ, ಖಾಡಿಯ ನೀರಿನಾಚೆ ಗುಡ್ಡಗಳು ಕಾಣುತ್ತವೆ. ಅದು ಟ್ರಾಂಬೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ ಇರುವ ಜಾಗ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಎರಡು ಬಾರಿ ಅದರ ನಿರ್ದೇಶಕರಾಗಿದ್ದರು. ವಾಶಿ, ನೇರುಲ್, ಖಾರ್ಘರಗಳ ಕನ್ನಡ ಮನೆಗಳಲ್ಲಿ ಅಲ್ಲಿ ದುಡಿದು ನಿವೃತ್ತರಾದವರು ಸಿಗುತ್ತಾರೆ. ಆ ಕೇಂದ್ರದಲ್ಲಿ ರಿಮೋಟ್ ಹ್ಯಾಂಡ್ಲಿಂಗ್ ಮತ್ತು ರೋಬಾಟಿಕ್ಸಿಗೆ ಒಂದು ವಿಭಾಗವೇ ಇದೆ. ವಿಕಿರಣ ಸೂಸುವ ವಸ್ತುವನ್ನು ಬರಿಗೈಯಿಂದ ಮುಟ್ಟುವಂತಿಲ್ಲ. ದಪ್ಪ ಗೋಡೆಯ ಹಾಟ್ ಸೆಲ್ಲಿನ ಹೊರಗೆ ನಿಂತ ಮನುಷ್ಯ ಹಿಡಿಯನ್ನು ತಿರುಗಿಸಿದರೆ ಒಳಗಿನ ಉಕ್ಕಿನ ಕೈ ಹಾಗೆಯೇ ತಿರುಗಬೇಕು, ಒಳಗಿನ ಕೈಗೆ ಏನಾದರೂ ತಾಗಿದರೆ ಹೊರಗಿನ ಕೈಗೆ ಅದು ತಿಳಿಯಬೇಕು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಸ್ ಇದನ್ನು ಮೊದಲು ಮಾಡಿದರು. ಟ್ರಾಂಬೆಯವರು ಅದನ್ನು ತಾವೇ ರೂಪಿಸಿ ನಮ್ಮ ಕಾರ್ಖಾನೆಗಳಿಗೆ ತಂತ್ರವನ್ನೂ ಕೊಟ್ಟರು. ಆ ಉಕ್ಕಿನ ಕೈಗೆ ಮುಖವಿಲ್ಲ, ಮಾತಿಲ್ಲ, ಯಾರೂ ಅದರ ಜೊತೆ ಸೆಲ್ಫಿ ತೆಗೆಸಿಕೊಳ್ಳಲಿಲ್ಲ. ಆದರೂ ಮನುಷ್ಯನ ಕೈಯನ್ನು ಅಳೆದು ಯಂತ್ರಕ್ಕೆ ಕೊಡುವ ಕೆಲಸ ಈ ಖಾಡಿಯ ದಡದಲ್ಲಿ ದಶಕಗಳಿಂದ ನಡೆದಿದೆ.

2011ರಲ್ಲಿ ಫುಕುಶಿಮಾ ಅಣುಸ್ಥಾವರದಲ್ಲಿ ದುರಂತವಾದಾಗ ಜಗತ್ತು ಕೇಳಿದ ಪ್ರಶ್ನೆಯೂ ಇಂಥ ಕೈಯ ಬಗ್ಗೆಯೇ: ಇಷ್ಟು ಯಂತ್ರಮಾನವರನ್ನು ಮಾಡಿದ್ದೀರಿ, ಒಳಗೆ ಹೋಗಿ ಒಂದು ವಾಲ್ವ್ ತಿರುಗಿಸಬಲ್ಲವ ಒಬ್ಬನಿಲ್ಲವೆ? ಆ ಪ್ರಶ್ನೆಯಿಂದ ಹುಟ್ಟಿದ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದರ್ಪಾದ ಸ್ಪರ್ಧೆಯ ಕೊನೆಯ ಸುತ್ತು 2015ರ ಜೂನಿನಲ್ಲಿ ನಡೆಯಿತು. ದಕ್ಷಿಣ ಕೊರಿಯಾದ ಹ್ಯೂಬೊ ಗೆದ್ದು 20 ಲಕ್ಷ ಡಾಲರ್ ಪಡೆಯಿತು. ಉಳಿದ ಹಲವು ಯಂತ್ರಗಳು ಬಾಗಿಲು ತೆರೆಯಲು ಹೋಗಿ, ಗಾಡಿಯಿಂದ ಇಳಿಯಲು ಹೋಗಿ ದೊಪ್ಪನೆ ಬಿದ್ದವು. ಹ್ಯೂಬೊ ಗೆದ್ದ ಗುಟ್ಟುಗಳಲ್ಲಿ ಒಂದು ಅದರ ಮಂಡಿ. ಅಗತ್ಯ ಬಿದ್ದಾಗ ಅದು ಮಂಡಿಯೂರಿ ಕೂತು, ಮಂಡಿಗೆ ಜೋಡಿಸಿದ್ದ ಗಾಲಿಗಳ ಮೇಲೆ ಉರುಳುತ್ತಿತ್ತು.

ಮಂಡಿಯ ಮಾತು ಬಂತಲ್ಲ, ಅಲ್ಲೇ ತುಸು ನಿಲ್ಲೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಓಪನ್‌ಸಿಮ್ ಎಂಬ ತಂತ್ರಾಂಶವನ್ನು ಜಗತ್ತಿಗೆ ಪುಕ್ಕಟೆ ಕೊಟ್ಟಿದ್ದಾರೆ. ಎಲುಬು-ಸ್ನಾಯುಗಳ ಮಾದರಿಯನ್ನು ಕಂಪ್ಯೂಟರಿನಲ್ಲಿ ನಡೆಸಿ ನೋಡುವ ಸಾಧನ ಅದು. ಅದರಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಇಡೀ ಮೈಯ ಮಾದರಿಗಳಲ್ಲಿ ಒಂದು 2016ರದ್ದು. ಮೊದಲ ಲೇಖಕಿಯ ಹೆಸರಿನಿಂದ ಅದನ್ನು ರಾಜಗೋಪಾಲ್ ಮಾದರಿ ಎನ್ನುತ್ತಾರೆ. 21 ಶವಗಳ ಮತ್ತು 24 ಮಂದಿ ಆರೋಗ್ಯವಂತ ಯುವಜನರ ಸ್ನಾಯುಗಳ ಅಳತೆಯಿಂದ ಕಟ್ಟಿದ್ದು. ನಡಿಗೆ, ಓಟಗಳಿಗೆ ಅದು ಬಹಳ ಸೊಗಸು. ಆದರೆ ಆ ಮಾದರಿಯ ಮಂಡಿ ಮಡಚುವುದು 120 ಡಿಗ್ರಿಯವರೆಗೆ. ನಡೆಯುವವನಿಗೆ ಅಷ್ಟು ಧಾರಾಳವಾಗಿ ಸಾಕು, ಕುಕ್ಕರಗಾಲಿನಲ್ಲಿ ಕೂರುವವನಿಗೆ ಸಾಲದು. ಕೆಲ ವರ್ಷಗಳ ಮೇಲೆ ಕೆನಡಾದ ಒಟ್ಟಾವಾದ ಸಂಶೋಧಕರು ಕುಕ್ಕರಗಾಲಿಗೆಂದೇ ಅದನ್ನು ತಿದ್ದಿ, ಸೊಂಟ ಮತ್ತು ಮಂಡಿಗಳ ಮಡಚುವಿಕೆಯನ್ನು ಹೆಚ್ಚಿಸಿ, ಬೇರೆ ಮಾದರಿಯನ್ನೇ ಪ್ರಕಟಿಸಬೇಕಾಯಿತು.

ಇದನ್ನು ದೂರಾಗಿ ಹೇಳುತ್ತಿಲ್ಲ. ನಡಿಗೆಗೆಂದು ಮಾಡಿದ ಮಾದರಿ ನಡಿಗೆಗೆ ಸರಿಯಾಗಿಯೇ ಇದೆ. ಆದರೆ ಕಲ್ಯಾಣದ ತರಕಾರಿ ಮಾರುಕಟ್ಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕೂತು ಸೊಪ್ಪು ಬಿಡಿಸುವ ಹೆಂಗಸನ್ನು ನೆನೆಯಿರಿ. ಪೂಜೆಗೆ, ಊಟದ ಪಂಕ್ತಿಗೆ ನೆಲದಲ್ಲಿ ಕೂರುವವರನ್ನು ನೆನೆಯಿರಿ. ನಮ್ಮವರು ಮುಂಬಯಿಗೆ ಹೊತ್ತು ತಂದ ಯಕ್ಷಗಾನವನ್ನು ನೆನೆಯಿರಿ. ಬಡಗುತಿಟ್ಟಿನ ವೇಷಧಾರಿ ಮಂಡಿಯೂರಿ, ಮೈಮೇಲೆ ಅಷ್ಟು ಭಾರದ ವೇಷ ಹೊತ್ತು, ಚಂಡೆಯ ಪೆಟ್ಟಿಗೆ ಸರಿಯಾಗಿ ಚಕ್ರದಂತೆ ಸುತ್ತುತ್ತಾನೆ. ಆ ಮಂಡಿಯ ಮೇಲೆ ಬೀಳುವ ಬಲ ಎಷ್ಟು? ಯಾವ ಸ್ನಾಯು ಯಾವ ಕ್ಷಣಕ್ಕೆ ಬಿಗಿಯುತ್ತದೆ? ಎಷ್ಟು ವರ್ಷ ಕುಣಿದರೆ ಮೃದ್ವಸ್ಥಿ ಸವೆಯುತ್ತದೆ? ಇವು ಪ್ರಯೋಗಾಲಯಕ್ಕೆ ಯೋಗ್ಯವಾದ ಪ್ರಶ್ನೆಗಳು. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರಿಗೆ ವೈದ್ಯರು ಇನ್ನು ನೆಲದಲ್ಲಿ ಕೂರಬೇಡಿ ಎನ್ನುವುದನ್ನು ಕೇಳಿದ್ದೇವೆ. ಆ ಮಾತಿನ ಹಿಂದೆಯೂ ಯಾರದೋ ಮಂಡಿಯ ಲೆಕ್ಕವಿದೆ.

ನಮ್ಮ ಮೈಯನ್ನು ಲೆಕ್ಕಕ್ಕೆ ತಂದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಪುರಾವೆಯಿದೆ. 1960ರ ದಶಕದಲ್ಲಿ ಕಾಲು ಕಳೆದುಕೊಂಡವರಿಗೆ ಪಶ್ಚಿಮದಿಂದ ಬಂದ ಕೃತಕ ಪಾದಕ್ಕೆ ಬೂಟು ಬೇಕೇ ಬೇಕಿತ್ತು. ಅದು ಕೆಸರಿನಲ್ಲಿ ಕೆಡುತ್ತಿತ್ತು, ಹಿಮ್ಮಡಿಯಲ್ಲಿ ಬಾಗುತ್ತಿರಲಿಲ್ಲ, ಕುಕ್ಕರಗಾಲಿಗೆ ಬಿಡುತ್ತಿರಲಿಲ್ಲ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆವೈದ್ಯ ಪಿ. ಕೆ. ಸೇಠಿ ಸೇರಿ ರಬ್ಬರಿನ ಪಾದ ಮಾಡಿದರು. ಬರಿಗಾಲಲ್ಲಿ ನಡೆಯುವ, ಗದ್ದೆಗಿಳಿಯುವ, ಕುಕ್ಕರಗಾಲಲ್ಲಿ ಕೂರುವ ರೈತ ಅವರ ಮಾದರಿ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಮೇಲಿನ ತಿರುವು ಇನ್ನೂ ಸ್ವಾರಸ್ಯದ್ದು. 2000ದ ದಶಕದ ಕೊನೆಗೆ ಅದೇ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು ಜೈಪುರದವರ ಜೊತೆ ಕೂತು ಅಗ್ಗದ ಕೃತಕ ಮಂಡಿಯೊಂದನ್ನು ರೂಪಿಸಿದರು. ಇಲ್ಲಿನ ಮೈಯ ಪ್ರಶ್ನೆ ಅಲ್ಲಿನ ತರಗತಿಗೆ ಪಾಠವಾಯಿತು.

ಈಗ ಮಂಡಿಯಿಂದ ಗುಂಪಿಗೆ ಬರೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಾಗ 14 ಗಾಡಿಗಳಲ್ಲಿ ಸುಮಾರು 400 ಮಂದಿ ಕೂತಿದ್ದರು. ಇವತ್ತು ಬೆಳಗಿನ ಹೊತ್ತು ಕಲ್ಯಾಣದಿಂದ ಬಂದು ಡೊಂಬಿವಲಿಯಲ್ಲಿ ನಿಲ್ಲುವ 12 ಬೋಗಿಯ ಫಾಸ್ಟ್ ಲೋಕಲ್‌ನಲ್ಲಿ ನಾಲ್ಕೈದು ಸಾವಿರ ಮಂದಿ ಇರುತ್ತಾರೆ. ರೈಲ್ವೆಯವರು ಇದಕ್ಕೆಂದೇ ಒಂದು ಪದ ಮಾಡಿಕೊಂಡಿದ್ದಾರೆ: ಸೂಪರ್ ಡೆನ್ಸ್ ಕ್ರಷ್ ಲೋಡ್. ಒಂದು ಚದರ ಮೀಟರ್ ನೆಲದಲ್ಲಿ 14ರಿಂದ 16 ಮಂದಿ ನಿಂತ ಸ್ಥಿತಿ. ಇದನ್ನು ಪಾಶ್ಚಾತ್ಯ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. 1971ರಲ್ಲಿ ಜಾನ್ ಫ್ರೂಯಿನ್ ಎಂಬ ಅಮೆರಿಕದ ಎಂಜಿನಿಯರ್ ಪಾದಚಾರಿಗಳ ಮೇಲೆ ಬರೆದ ಪುಸ್ತಕದಲ್ಲಿ ನಿಂತ ಮನುಷ್ಯನನ್ನು ಮೇಲಿನಿಂದ ನೋಡಿದಂತೆ ಒಂದು ಅಂಡಾಕಾರವಾಗಿ ಬರೆದರು. ಅಗಲ 24 ಅಂಗುಲ, ದಪ್ಪ 18 ಅಂಗುಲ. ನಿಲ್ದಾಣ, ಲಿಫ್ಟು, ಮೆಟ್ಟಿಲುಗಳ ವಿನ್ಯಾಸಕ್ಕೆ ಆ ಅಂಡಾಕಾರ ಇಂದಿಗೂ ಆಧಾರ. ಅದರ ವಿಸ್ತೀರ್ಣದಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ನಾಲ್ಕೂವರೆ ಮಂದಿ ಹಿಡಿಯುತ್ತಾರೆ. ನಮ್ಮ ಲೋಕಲ್‌ನಲ್ಲಿ ಅದರ ಮೂರು ಪಟ್ಟು. 15 ಮಂದಿ ಎಂದರೆ ಒಬ್ಬೊಬ್ಬನಿಗೆ 26 ಸೆಂಟಿಮೀಟರ್ ಉದ್ದಗಲದ ಒಂದು ಚೌಕ, ನೆಲದ ಒಂದು ಹೆಂಚಿನಷ್ಟು ಜಾಗ. ಫ್ರೂಯಿನ್‌ರ ಮನುಷ್ಯ ಅಲ್ಲಿ ನಿಲ್ಲಲಾರ, ಡೊಂಬಿವಲಿಯ ಮನುಷ್ಯ ನಿಂತು ಥಾಣೆ ದಾಟುತ್ತಾನೆ.

ಹೇಗೆ ದಾಟುತ್ತಾನೆ? ಚೀಲವನ್ನು ಎದೆಗೆ ತರುತ್ತಾನೆ. ಭುಜವನ್ನು ಓರೆ ಮಾಡುತ್ತಾನೆ. ಮೂರು ಮಂದಿಯ ಬೆಂಚಿನಲ್ಲಿ ನಾಲ್ಕನೇ ಸೀಟಿಗೆ ಅರ್ಧ ಮೈ ಇಟ್ಟು ಕೂರುತ್ತಾನೆ. ಮುಂದಿನವನನ್ನು ಇಳಿಯುತ್ತೀಯಾ ಎಂದು ಎರಡು ನಿಲ್ದಾಣ ಮೊದಲೇ ಕೇಳಿ ಜಾಗ ಬದಲಿಸಿಕೊಳ್ಳುತ್ತಾನೆ. ಇದೆಲ್ಲ ನಮಗೆ ರೂಢಿ. ರೋಬಾಟಿಕ್ಸಿನಲ್ಲಿ ಇದು ಬಗೆಹರಿಯದ ದೊಡ್ಡ ಸಮಸ್ಯೆ. 2010ರಲ್ಲಿ ಪೀಟರ್ ಟ್ರಾಟ್‌ಮನ್ ಮತ್ತು ಆಂಡ್ರಿಯಾಸ್ ಕ್ರೌಸ್ ಎಂಬ ಸಂಶೋಧಕರು ಅದಕ್ಕೆ ಹೆಪ್ಪುಗಟ್ಟುವ ರೋಬಾಟಿನ ಸಮಸ್ಯೆ ಎಂದು ಹೆಸರಿಟ್ಟರು. ಯಾರನ್ನೂ ತಾಗಬಾರದು ಎಂದು ಕಲಿತ ರೋಬಾಟು ದಟ್ಟ ಗುಂಪಿನಲ್ಲಿ ಎಲ್ಲ ದಾರಿಗಳೂ ಅಪಾಯವೆಂದು ತೀರ್ಮಾನಿಸಿ ನಿಂತಲ್ಲೇ ನಿಂತುಬಿಡುತ್ತದೆ. ಅವರು ಸೂಚಿಸಿದ ಪರಿಹಾರ ಗಮನಿಸತಕ್ಕದ್ದು. ಎದುರಿನವರು ತಮ್ಮ ಪಾಡಿಗೆ ಚಲಿಸುವ ವಸ್ತುಗಳೆಂದು ಲೆಕ್ಕ ಹಾಕಿದರೆ ರೋಬಾಟಿಗೆ ದಾರಿಯೇ ಇಲ್ಲ. ನಾನು ಒಂದಿಷ್ಟು ಸರಿದರೆ ಅವನೂ ಒಂದಿಷ್ಟು ಸರಿಯುತ್ತಾನೆ ಎಂಬ ಪರಸ್ಪರತೆಯನ್ನು ಮಾದರಿಯೊಳಗೆ ತಂದರೆ ದಾರಿ ಕಾಣುತ್ತದೆ. ಈ ಪರಸ್ಪರತೆಯನ್ನು ಅಭ್ಯಾಸ ಮಾಡಲು ಡೊಂಬಿವಲಿಯ ಪ್ಲಾಟ್‌ಫಾರ್ಮಿಗಿಂತ ದೊಡ್ಡ ಪ್ರಯೋಗಾಲಯ ಎಲ್ಲಿದೆ?

ಹಾಗೆಂದು ಅದನ್ನು ಹೊಗಳುತ್ತ ಕೂರುವಂತಿಲ್ಲ. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ, ಎದುರುಬದುರಾಗಿ ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ಜೋತುಬಿದ್ದಿದ್ದವರು ಹಳಿಗೆ ಬಿದ್ದರು. ಹಲವರು ಪ್ರಾಣ ಕಳೆದುಕೊಂಡರು. ಬೆನ್ನಿನ ಚೀಲಗಳು ತಾಗಿದವೆಂಬ ಮಾತು ಆಗ ಕೇಳಿಬಂತು. ಅದೇ ದಿನ ರೈಲ್ವೆ, ಎಸಿ ಇಲ್ಲದ ಲೋಕಲ್‌ಗಳಿಗೂ ತಾನಾಗಿ ಮುಚ್ಚುವ ಬಾಗಿಲು ಕೂರಿಸುವುದಾಗಿ ಹೇಳಿತು. ಗಾಳಿಯಾಡಲು ಬಾಗಿಲಿಗೆ ಸಂದುಪಟ್ಟಿ, ಛಾವಣಿಯಲ್ಲಿ ಗಾಳಿ ತೂರುವ ಸಾಧನ, ಬೋಗಿಯಿಂದ ಬೋಗಿಗೆ ದಾಟುವ ದಾರಿ ಎಂದು ವಿವರಿಸಿತು. ಮನುಷ್ಯರ ಮಾದರಿಯಲ್ಲಿ ಬೆನ್ನಿಗೆ ಚೀಲವಿತ್ತೆ? ಮುಚ್ಚಿದ ಬಾಗಿಲೊಳಗೆ ಚದರ ಮೀಟರಿಗೆ 15 ಮಂದಿ ಉಸಿರಾಡಿದರೆ ಎಷ್ಟು ಗಾಳಿ ಬೇಕು ಎಂಬ ಲೆಕ್ಕ ಯಾರ ಮೈಯಿಂದ ಬರಬೇಕು? ಹ್ಯೂಮನ್ ಮಾಡೆಲಿಂಗ್ ನಮಗೆ ಪ್ರಾಣದ ಪ್ರಶ್ನೆಯಾಗುವುದು ಇಲ್ಲಿ.

ಅಳತೆಯ ಕೆಲಸ ನಮ್ಮಲ್ಲಿ ನಡೆದೇ ಇಲ್ಲವೆಂದರೆ ತಪ್ಪಾಗುತ್ತದೆ. 1997ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ದೇಬಕುಮಾರ್ ಚಕ್ರವರ್ತಿಯವರ ಭಾರತೀಯ ದೇಹ ಅಳತೆಗಳ ಕೈಪಿಡಿಯನ್ನು ಪ್ರಕಟಿಸಿತು. ಚಕ್ಕಳಮಕ್ಕಳ, ಕುಕ್ಕರಗಾಲುಗಳ ಅಳತೆಗೂ ಅದರಲ್ಲಿ ಜಾಗವಿದೆ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಇಂಡಿಯಾಸೈಜ್ ಯೋಜನೆಯನ್ನು ಕೈಗೆತ್ತಿಕೊಂಡಿತು. ಮುಂಬಯಿ, ಬೆಂಗಳೂರು ಸೇರಿ ಆರು ನಗರಗಳಲ್ಲಿ 15ರಿಂದ 65 ವಯಸ್ಸಿನ 25,000 ಮಂದಿಯನ್ನು ತ್ರೀಡಿ ಸ್ಕ್ಯಾನರಿನಿಂದ ಅಳೆಯುವುದು ಅದರ ಗುರಿ. ನಿಫ್ಟಿನ ಮುಂಬಯಿ ಕ್ಯಾಂಪಸ್ ಇರುವುದು ನಮ್ಮ ಖಾರ್ಘರದಲ್ಲೇ. ಇದು ಅಂಗಿ, ಪ್ಯಾಂಟುಗಳ ಸೈಜಿಗೆಂದು ಹೊರಟ ಕೆಲಸ. ಆದರೂ ಕಾರಿನ ಸೀಟಿಗೆ, ಹೆಲ್ಮೆಟ್ಟಿಗೆ, ರೋಬಾಟಿಗೆ ಬೇಕಾದ ಅಳತೆಯೂ ಅಲ್ಲಿಂದಲೇ ಶುರುವಾಗಬೇಕು. ಕಾರುಗಳ ಅಪಘಾತ ಪರೀಕ್ಷೆಯಲ್ಲಿ ಜಗತ್ತಿನಾದ್ಯಂತ ಕೂರಿಸುವ ಹೈಬ್ರಿಡ್ ಥ್ರೀ ಎಂಬ ಗೊಂಬೆ 1976ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದರ ಸರಾಸರಿ ಗಂಡಸಿನ ಎತ್ತರ ಸುಮಾರು 175 ಸೆಂಟಿಮೀಟರ್, ತೂಕ 78 ಕಿಲೊ. ನಮ್ಮ ಸರಾಸರಿ ಗಂಡಸಿಗಿಂತ ಅವನು ಎತ್ತರ, ನಮ್ಮ ಹೆಂಗಸರ ಮಾತಂತೂ ಬೇಡ.

ಮುಖ ಮತ್ತು ಮಾತಿನ ಕಡೆ ನಮ್ಮವರು ಚುರುಕಾಗಿಯೇ ಇದ್ದಾರೆ. 2017ರ ಡಿಸೆಂಬರಿನಲ್ಲಿ ಪೊವಾಯಿಯ ಐಐಟಿಯ ಟೆಕ್‌ಫೆಸ್ಟಿಗೆ ಹಾಂಗ್‌ಕಾಂಗ್‌ನ ಸೋಫಿಯಾ ಎಂಬ ಯಂತ್ರಮಾನವಿ ಸೀರೆಯುಟ್ಟು ಬಂದಳು. ಕೆಲ ವರ್ಷಗಳಲ್ಲಿ ಅದೇ ಐಐಟಿ ಆವರಣದ ಕೇಂದ್ರೀಯ ವಿದ್ಯಾಲಯದ ಮೇಷ್ಟರು ದಿನೇಶ್ ಪಟೇಲ್ ರಟ್ಟು, ಪ್ಲಾಸ್ಟಿಕ್, ಅಲ್ಯೂಮಿನಿಯಂಗಳಿಂದ ಹಲವು ಭಾಷೆ ಮಾತಾಡುವ ಶಾಲೂ ಎಂಬ ರೋಬಾಟನ್ನು ಕಟ್ಟಿದರು. ಸಿರ್ಸಿಯಲ್ಲಿ ಅಕ್ಷಯ್ ಮಾಶೇಲ್ಕರ್ ಮಕ್ಕಳಿಗೆ ಪಾಠ ಹೇಳುವ ಶಿಕ್ಷಾ ಎಂಬ ರೋಬಾಟು ಮಾಡಿದರು. 2020ರ ಜನವರಿ 22ರಂದು ಬೆಂಗಳೂರಿನಲ್ಲಿ ಇಸ್ರೊ ತನ್ನ ವ್ಯೋಮಮಿತ್ರಾಳನ್ನು ಜನರ ಮುಂದಿಟ್ಟಿತು. ಗಗನಯಾನಕ್ಕೆ ಮೊದಲು ಮನುಷ್ಯರ ಬದಲು ಹೋಗಬೇಕಾದ ಅವಳಿಗೆ ಕಾಲುಗಳಿಲ್ಲ, ತೂಕರಹಿತ ಸ್ಥಿತಿಯಲ್ಲಿ ಕಾಲಿನ ಕೆಲಸವೂ ಕಡಿಮೆ. ಮಾತು ಕಲಿಸುವುದು ಸುಲಭವಾಯಿತು, ಮೈ ಕಲಿಸುವುದು ಉಳಿಯಿತು.

ಆ ಮೈ ಕಲಿಸುವ ಕೆಲಸ ಈಗ ಎಲ್ಲಿ ನಡೆಯುತ್ತಿದೆ ಗೊತ್ತೆ? 2025ರಲ್ಲಿ ಪತ್ರಿಕೆಗಳು ತಮಿಳುನಾಡಿನ ಕರೂರಿನ ಸುದ್ದಿ ತಂದವು. ಅಲ್ಲಿ ಯುವಕ ಯುವತಿಯರು ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ಮೇಜಿನ ಮೇಲೆ ಟವೆಲುಗಳನ್ನು ಒಂದಾದ ಮೇಲೊಂದು ಮಡಚುತ್ತಾರೆ. ಕೈ ಎಲ್ಲಿ ಹಿಡಿಯಿತು, ಎಲ್ಲಿ ತಿರುಗಿತು ಎಂದು ಒಂದೊಂದು ಚಲನೆಗೂ ಗುರುತು ಹಾಕುತ್ತಾರೆ. ಆ ಚಿತ್ರಗಳು ಅಮೆರಿಕದ ಕಂಪನಿಗಳಿಗೆ ಹೋಗಿ ಅಲ್ಲಿನ ಯಂತ್ರಮಾನವರಿಗೆ ಪಾಠವಾಗುತ್ತವೆ. ಸಮೀಕರಣ ಬರೆದು ಮನುಷ್ಯನನ್ನು ಕಟ್ಟುವ ಕಾಲ ಹಿಂದೆ ಸರಿದು, ಮನುಷ್ಯರನ್ನು ಸಾವಿರಾರು ಗಂಟೆ ನೋಡಿ ಕಲಿಯುವ ಕಾಲ ಬಂದಿದೆ. ಹಾಗಾಗಿ ನಮ್ಮ ಕೈಗಳು ಈಗಾಗಲೇ ಹೊರದೇಶಕ್ಕೆ ಉಪನ್ಯಾಸಕ್ಕೆ ಹೋಗಿವೆ. ಹೆಸರಿಲ್ಲದೆ, ಕೂಲಿಗೆ ಹೋಗಿವೆ ಎಂಬುದಷ್ಟೇ ಬೇಸರ. ನಾಳೆ ಇಂಥ ಕೆಲಸ ಕಲ್ಯಾಣಕ್ಕೋ ನವಿ ಮುಂಬಯಿಗೋ ಬಂದರೆ ಆಶ್ಚರ್ಯವಿಲ್ಲ.

ಡೊಂಬಿವಲಿಯಲ್ಲಿ ಕರ್ನಾಟಕ ಸಂಘದವರು ನಡೆಸುವ ಮಂಜುನಾಥ ವಿದ್ಯಾಸಂಸ್ಥೆಯಂಥ ಕಡೆ ಓದಿದ ಹುಡುಗಿಯೊಬ್ಬಳು ಮುಂದೊಮ್ಮೆ ಜಪಾನಿನ ತ್ಸುಕುಬಾದಲ್ಲೋ ಸ್ಟ್ಯಾನ್‌ಫರ್ಡಿನಲ್ಲೋ ಅತಿಥಿಯಾಗಿ ಮಾತಾಡಲು ನಿಲ್ಲಬಹುದು. ಅವಳು ಅವರ ಯಂತ್ರಕ್ಕಿಂತ ನಮ್ಮ ಯಂತ್ರ ಕಡಿಮೆಯಿಲ್ಲ ಎಂದು ಸಾಧಿಸಲು ಹೋಗಬೇಕಾಗಿಲ್ಲ. ಯಕ್ಷಗಾನದ ವೇಷಧಾರಿಯ ಮಂಡಿಯ ಅಳತೆ, ಲೋಕಲ್ ಬೋಗಿಯಲ್ಲಿ ಭುಜಗಳು ಓರೆಯಾಗುವ ಲೆಕ್ಕ, ಟವೆಲು ಮಡಚುವ ಕೈಯ ಚಲನೆಯ ಜೊತೆಗೆ ಆ ಕೈಗೆ ಸಲ್ಲುವ ಹೆಸರು ಮತ್ತು ಕೂಲಿಯ ಪ್ರಶ್ನೆ, ಈ ಮೂರನ್ನು ಒಯ್ದರೆ ಸಾಕು. ಅವರ ಮಾದರಿ ಅದರಿಂದ ಹೆಚ್ಚು ಮನುಷ್ಯನದಾಗುತ್ತದೆ, ಒಟ್ಟಾವಾದವರು ತಿದ್ದಿದ ಮಂಡಿಯಂತೆ ಎಲ್ಲರ ಉಪಯೋಗಕ್ಕೂ ಬರುತ್ತದೆ. ಅದಕ್ಕೆ ಬೇಕಾದ ಅಳತೆಯನ್ನು ಮಾತ್ರ ಇಲ್ಲಿ, ಈಗಲೇ ತೆಗೆಯಬೇಕು. ಕಾಲೇಜಿನ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳಿಗೆ ಒಂದು ಮೊಬೈಲ್ ಕ್ಯಾಮೆರಾ, ಒಪ್ಪಿಗೆ ಕೊಟ್ಟ ಒಬ್ಬ ಕಲಾವಿದ ಮತ್ತು ಪುಕ್ಕಟೆ ಸಿಗುವ ಆ ಓಪನ್‌ಸಿಮ್ ಇದ್ದರೆ ಕೆಲಸ ಶುರು ಮಾಡಬಹುದು.

ನಾವು, ಕೇಳುಗರು, ಮಾಡಬಹುದಾದದ್ದೂ ಒಂದಿದೆ. ನಿಮ್ಮೂರಿನ ಸಂಘದಲ್ಲೋ ಶಾಲೆಯಲ್ಲೋ ಯಂತ್ರಮಾನವನನ್ನು ತಂದು ನಿಲ್ಲಿಸಿ ಅದರ ಕೈ ಕುಲುಕಿಸಿದರೆ, ಚಪ್ಪಾಳೆಯಾದ ಮೇಲೆ ಎದ್ದು ನಿಂತು ತಂದವರನ್ನು ಕೇಳಿ: ಇದರ ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ? ಒಂದು ಚದರ ಮೀಟರಿಗೆ 15 ಮಂದಿ ನಿಂತಲ್ಲಿ ಇದು ಏನು ಮಾಡುತ್ತದೆ? ಇದಕ್ಕೆ ಕೈಕೆಲಸ ಕಲಿಸಿದವರು ಯಾರು, ಅವರಿಗೆ ಏನು ಕೊಟ್ಟಿರಿ?